ಮಿಲಿಮೀಟರಿನ ನೂರರಲ್ಲೊಂದು ಪಾಲು ಮತ್ತು ಒಂದು ಲೋಟ ಕಾಫಿ

ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತ್ ನಡೆಸಿ ಹೊಟ್ಟೆ ಹೊರೆಯುವವರು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಬೇಕಾದಷ್ಟಿದ್ದಾರೆ. ಭಾನುವಾರ ಬಂತೆಂದರೆ ಅವರು ಯಂತ್ರದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅದೇ ಲೇತನ್ನು ಹವ್ಯಾಸಕ್ಕೆಂದು ಮನೆಯಲ್ಲಿ ಇಟ್ಟುಕೊಂಡವರ ಪಂಗಡವೇ ಬೇರೆ. ಇವರು ಭಾನುವಾರ ಕೋಳಿ ಕೂಗುವ ಮೊದಲೇ ಎದ್ದು, ಮನೆಯವರು ಕೆಲಸ ಹೇಳುವುದರೊಳಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಯಾರಿಗೂ ಬೇಡದ ಒಂದು ಹಿತ್ತಾಳೆ ತುಂಡನ್ನು ಯಾರೂ ಕೇಳದಷ್ಟು ನಯವಾಗಿ ಕಡೆಯಲು ನಿಲ್ಲುತ್ತಾರೆ. ನಾನು ಈ ಎರಡನೆಯ ಪಂಗಡದವನು. ನಮ್ಮ ಮನೆಯಲ್ಲಿ ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ಲೇತ್ ಇದೆ, ಕಾರು ಬೀದಿಯಲ್ಲಿದೆ.

ಹೀಗೆ ಕಾರನ್ನು ಬೀದಿಪಾಲು ಮಾಡಿದ ಮಹನೀಯರು ಹಾಸನ, ಅರಸೀಕೆರೆ, ಸಕಲೇಶಪುರ, ಚಿಕ್ಕಮಗಳೂರುಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬರಂತೆ ಇದ್ದೇವೆ. ವರ್ಷಕ್ಕೊಮ್ಮೆ, ಕಾಫಿ ಕುಯ್ಲು ಮುಗಿದು ಹೂಮಳೆ ಇನ್ನೂ ಬೀಳದ ಬಿಡುವಿನಲ್ಲಿ, ಮೂಡಿಗೆರೆ ಕಡೆಯ ಒಂದು ತೋಟದ ಗೋದಾಮಿನಲ್ಲಿ ನಾವೆಲ್ಲ ಸೇರುತ್ತೇವೆ. ತೋಟದ ಯಜಮಾನರಾದ ಗೌಡರು, ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಹಾಸನದ ಹಲ್ಲಿನ ಡಾಕ್ಟರೊಬ್ಬರು, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇವರೆಲ್ಲ ಕೂಟದ ಖಾಯಂ ಗಿರಾಕಿಗಳು. ಬೆಳಿಗ್ಗೆ ಒಬ್ಬರಿಗೊಬ್ಬರು ಕೈಚಳಕ ಕಲಿಸುವುದು, ಮಧ್ಯಾಹ್ನ ಸ್ಪರ್ಧೆ, ನಡುನಡುವೆ ಊಟ ತಿಂಡಿ ಎಂಬುದು ಕಾರ್ಯಕ್ರಮ. ಲೋಹವನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲಿಗೆ ಸರಿಯಾಗಿ ಕಡೆಯಬೇಕೆಂದು ಹಟ ಹಿಡಿಯುವ ಈ ಜನ, ಒಂಬತ್ತು ಗಂಟೆಗೆ ಬನ್ನಿ ಎಂದರೆ ಹನ್ನೊಂದಕ್ಕೆ ಬರುತ್ತಾರೆ. ನಾಲ್ವರು ಬರುತ್ತೇವೆ ಎಂದವರು ಒಂಬತ್ತು ಮಂದಿ ಇಳಿಯುತ್ತಾರೆ. ಈ ವ್ಯತ್ಯಾಸಗಳನ್ನು ಸೂಕ್ಷ್ಮ ಅಳತೆಯ ಉಪಕರಣವಾದ ಯಾವ ಮೈಕ್ರೋಮೀಟರಿನಿಂದಲೂ ಅಳೆಯಲಾಗದೆ ಗೌಡರ ಮನೆಯವರು ಅಂದಾಜಿನ ಮೇಲೆ ಅಕ್ಕಿ ರೊಟ್ಟಿ ತಟ್ಟಿಸುತ್ತಾರೆ, ಅದು ಯಾವ ವರ್ಷವೂ ಕಡಿಮೆ ಬಿದ್ದಿಲ್ಲ.

ಗೌಡರಿಗೆ ಲೇತಿನ ಹುಚ್ಚು ಹಿಡಿದದ್ದು ಕಾಫಿಯಿಂದಲೇ. ಕುಯ್ದ ಹಣ್ಣನ್ನು ಅಂದಂದೇ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ ಹಾಕದಿದ್ದರೆ ರಾಶಿಯಲ್ಲೇ ಹುಳಿಯುತ್ತದೆ. ಒಂದು ಕುಯ್ಲಿನ ನಟ್ಟನಡುವೆ ಪಲ್ಪರಿನ ಶಾಫ್ಟ್ ತುಂಡಾಯಿತು, ಪೇಟೆಯ ವರ್ಕ್‌ಶಾಪಿನವರು ನಾಳೆ ಬನ್ನಿ ಎಂದರು, ಮರುದಿನವೂ ಅದನ್ನೇ ಅಂದರು. ರೋಸಿಹೋದ ಗೌಡರು ಹಳೆಯ ಲೇತೊಂದನ್ನು ಹರಾಜಿನಲ್ಲಿ ಹಿಡಿದರು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಯಂತ್ರ ಅದು, ಎರಕದ ಕಬ್ಬಿಣವನ್ನು ಲೆಕ್ಕವಿಲ್ಲದೆ ಸುರಿದು ಮಾಡಿದ ಕಾಲದ್ದು. ಲಾರಿಯಿಂದ ಇಳಿಸುವಾಗ ಮರದ ದಿಮ್ಮಿ ಎತ್ತುವ ಆಳುಗಳನ್ನು ಕರೆಸಿ, ಅಡಿಕೆ ಮರದ ತುಂಡುಗಳನ್ನು ಉರುಳುಗಳಾಗಿ ಅಡಿಗಿಟ್ಟು, ಐಸಾ ಎಂದು ತಳ್ಳಿದರು. ಲೇತಿನ ಭಾರವೆಲ್ಲ, ತುಂಡನ್ನು ತಿರುಗಿಸುವ ಭಾಗವಾದ ಹೆಡ್‌ಸ್ಟಾಕ್ ಇರುವ ಒಂದೇ ಪಕ್ಕದಲ್ಲಿರುತ್ತದೆಂಬ ಸಂಗತಿ ದಿಮ್ಮಿಯವರಿಗೆ ತಿಳಿದಿರಲಿಲ್ಲ. ಯಂತ್ರ ತಾನೇ ಒಂದು ದಿಕ್ಕು ಆರಿಸಿಕೊಂಡು, ಕಾಫಿ ಒಣಗಿಸುವ ಕಣವನ್ನು ಅಡ್ಡಲಾಗಿ ದಾಟಿ, ಗೋದಾಮಿನ ಬಾಗಿಲನ್ನು ತಪ್ಪಿಸಿ ಅದರ ಮಗ್ಗುಲಿಗೆ ಹೋಗಿ ನಿಂತಿತು. ಮತ್ತೆ ಅದನ್ನು ಅಲುಗಿಸುವ ಧೈರ್ಯ ಯಾರಿಗೂ ಬರಲಿಲ್ಲವಾದ್ದರಿಂದ, ಅದು ನಿಂತ ಕಡೆಗೆ ಗೋದಾಮನ್ನೇ ವಿಸ್ತರಿಸಿದರು. ಆ ಪಲ್ಪರಿನ ಶಾಫ್ಟನ್ನು ಪೇಟೆಯವರು ಆಮೇಲೆ ಮಾಡಿಕೊಟ್ಟರೆಂದು ಕೇಳಿದ್ದೇನೆ.

ಬೆಳಗಿನ ಪಾಠವನ್ನು ಮೇಷ್ಟ್ರು ನಡೆಸುತ್ತಾರೆ, ಮತ್ತು ಅದು ನಿಜಕ್ಕೂ ಕಲಿಯುವಂಥದ್ದು. ಲೋಹ ಕತ್ತರಿಸುವ ಟೂಲಿನ ಮೊನೆ, ಕಡೆಯುವ ಸರಳಿನ ನಟ್ಟನಡುವಿನ ಎತ್ತರಕ್ಕೆ ಸರಿಯಾಗಿ ಇರಬೇಕಲ್ಲವೆ? ಅದನ್ನು ನೋಡಲು ಅವರು ತೆಳ್ಳನೆಯ ಉಕ್ಕಿನ ಸ್ಕೇಲನ್ನು ಸರಳಿಗೂ ಮೊನೆಗೂ ನಡುವೆ ಹಿಡಿದು, ಟೂಲನ್ನು ಮೆಲ್ಲಗೆ ತಂದು ಒತ್ತುತ್ತಾರೆ. ಸ್ಕೇಲು ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ತಲೆ ನಮ್ಮ ಕಡೆ ವಾಲಿದರೆ ಮೊನೆ ಕೆಳಗಿದೆ, ಆಚೆ ವಾಲಿದರೆ ಮೇಲಿದೆ. ಖರ್ಚಿಲ್ಲದ ಇಂಥ ಉಪಾಯಗಳು ಅವರ ಹತ್ತಿರ ರಾಶಿ ಇವೆ. ಆದರೆ ಪಾಠಕ್ಕಿಂತ ಮುಂಚೆ ಅವರ ತಪಾಸಣೆ ಇರುತ್ತದೆ. ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹತ್ತಿರ ಸಡಿಲ ಬಟ್ಟೆ ಕೂಡದು, ಕೈಗವಸು ಕೂಡದು, ಉಂಗುರ ಕೈಗಡಿಯಾರ ಕೂಡದು, ಅದನ್ನು ಬಿಗಿಯುವ ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕುವವನು ಗೋದಾಮಿನೊಳಗೇ ಕೂಡದು. ಈ ನಿಯಮಗಳಲ್ಲಿ ಹುರುಳಿದೆ. ಸೆರಗೋ ತೋಳೋ ಒಮ್ಮೆ ಸುತ್ತಿಕೊಂಡರೆ ಲೇತ್ ಬಿಡುವ ಯಂತ್ರವಲ್ಲ. ನಿಯಮ ಪಾಲಿಸಿದ್ದರಿಂದಲೇ ಕಳೆದ ಸಲದ ಎರಡು ಅನಾಹುತಗಳೂ ನಡೆದವೆಂಬುದು ಮಾತ್ರ ವಿಚಿತ್ರ.

ಗೌಡರು ಮನೆಯಲ್ಲಿ ಪಂಚೆಯ ಹೊರತು ಬೇರೇನನ್ನೂ ಉಡುವವರಲ್ಲ. ಮೇಷ್ಟ್ರ ಕಣ್ಣಿಗೆ ಪಂಚೆ ಎಂದರೆ ಚಕ್ಕಿಗೆ ಬಡಿಸಿಟ್ಟ ಎಲೆ. ಪ್ಯಾಂಟುಗಳೆಲ್ಲ ಇಸ್ತ್ರಿಗೆ ಹೋಗಿದ್ದ ಕಾರಣ ಗೌಡರು ಮಗನ ಬರ್ಮುಡಾ ಚಡ್ಡಿಯನ್ನು ಹಾಕಿಕೊಂಡು ಬಂದರು. ಅದರ ಮೇಲೆ ಕೆಂಪು ದಾಸವಾಳಗಳೂ ಒಂದೆರಡು ಗಿಳಿಗಳೂ ಇದ್ದವು. ಅವರು ಚಕ್ ಬಿಗಿಯುತ್ತಿದ್ದಾಗ ಅಂಗಳಕ್ಕೆ ಕಾರು ಬಂದು, ಬೀಗರ ಕಡೆಯ ಹಿರಿಯರು ರೇಷ್ಮೆ ಶಲ್ಯ ಹೊದ್ದು, ಲಗ್ನಪತ್ರಿಕೆ ಇಟ್ಟ ತಟ್ಟೆ ಹಿಡಿದು ನೇರವಾಗಿ ಗೋದಾಮಿಗೇ ಬಂದುಬಿಟ್ಟರು. ಹೋಗಿ ಪಂಚೆ ಉಟ್ಟು ಬರಬೇಕೆಂದರೆ ಬೀಗರನ್ನು ದಾಟಿಯೇ ಹೋಗಬೇಕು. ಗೌಡರು ಎಡಗೈಯಲ್ಲಿ ಚಕ್ ಕೀ ಹಿಡಿದು, ಬಲಗೈಯಲ್ಲಿ ಪತ್ರಿಕೆ, ಎಲೆ ಅಡಿಕೆ ತೆಗೆದುಕೊಂಡು, ದಾಸವಾಳಗಳ ಮೇಲೆಯೇ ನಡು ಬಗ್ಗಿಸಿ ನಮಸ್ಕಾರ ಮಾಡಿದರು. ಹಿರಿಯರು ದೃಷ್ಟಿಯನ್ನು ಸೂರಿನ ಕಡೆ ಇಟ್ಟುಕೊಂಡು, “ಕುಟುಂಬ ಸಮೇತ ಬರಬೇಕು ಗೌಡ್ರೇ,” ಎಂದು ಹೇಳಿ, ಸ್ವಲ್ಪ ತಡೆದು, “ಉಡುಪು ಏನಾದರೂ ಪರವಾಗಿಲ್ಲ,” ಎಂದು ಸೇರಿಸಿದರು.

ಎರಡನೆಯದು ಉಂಗುರದ್ದು. ಡಾಕ್ಟರು ಅಪ್ಪಣೆಯಂತೆ ಮದುವೆಯ ಉಂಗುರವನ್ನು ಕಳಚಿ, ಲೇತಿನ ತಟ್ಟೆಯ ಅಂಚಿನಲ್ಲಿಟ್ಟು ಹಿತ್ತಾಳೆ ಕಡೆಯಲು ನಿಂತರು. ಉಕ್ಕು ಕಡೆದರೆ ಉದ್ದನೆಯ ಸುರುಳಿ ಬರುತ್ತದೆ. ಹಿತ್ತಾಳೆ ಹಾಗಲ್ಲ, ಚೂರು ಚೂರಾಗಿ ಎಲ್ಲ ದಿಕ್ಕಿಗೂ ಸಿಡಿಯುತ್ತದೆ. ಅಂಗಿಯ ಜೇಬು, ಕಿವಿ, ಕಾಫಿ ಲೋಟ ಯಾವುದನ್ನೂ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಒಬ್ಬ ಉತ್ಸಾಹಿ ತಟ್ಟೆಯನ್ನು ಬ್ರಶ್ಶಿನಿಂದ ಗುಡಿಸಿ ಗುಜರಿ ಚೀಲಕ್ಕೆ ತುಂಬಿದ. ಉಂಗುರ ಕಾಣದಿದ್ದಾಗ ಎಲ್ಲರೂ ಚೀಲದ ಸುತ್ತ ಕೂತೆವು. ಹಳದಿ ಚೂರುಗಳ ನಡುವೆ ಹಳದಿ ಉಂಗುರ. ಕೊಬ್ಬರಿ ವ್ಯಾಪಾರಿಗಳು ಜಾಣತನದಿಂದ ಅಯಸ್ಕಾಂತ ತಂದರು. ಬಂಗಾರವನ್ನಾಗಲಿ ಹಿತ್ತಾಳೆಯನ್ನಾಗಲಿ ಅಯಸ್ಕಾಂತ ಮೂಸಿಯೂ ನೋಡುವುದಿಲ್ಲವೆಂದು ಮೇಷ್ಟ್ರು ಅರ್ಧ ಗಂಟೆ ವಿವರಿಸಿದರು. ಡಾಕ್ಟರು ಮನೆಗೆ ಹೋಗಿ ಏನು ಹೇಳಬೇಕೆಂದು ಆಗಲೇ ಬಾಯಲ್ಲೇ ಅಭ್ಯಾಸ ಮಾಡತೊಡಗಿದ್ದರು. ಗದ್ದಲ ಕೇಳಿ ಹೊರಗೆ ಬಂದ ಗೌಡರ ತಾಯಿ, ಮೊರಕ್ಕೆ ಚೂರುಗಳನ್ನು ಬೊಗಸೆ ಬೊಗಸೆಯಾಗಿ ಸುರಿದು, ನಾಲ್ಕು ಸಲ ಕೇರಿ, ಮೊರದ ಹಿಂಭಾಗದಲ್ಲಿ ಕಲ್ಲಿನ ಹಾಗೆ ಉಳಿದುಕೊಂಡ ಉಂಗುರವನ್ನು ಎತ್ತಿಕೊಟ್ಟು, “ಇಷ್ಟು ಭಾರದ ಚಿನ್ನ ಹಾರಿ ಎಲ್ಲಿಗೆ ಹೋಗ್ತದೆ ಡಾಕ್ಟ್ರೇ,” ಎಂದರು. ಸಾಂದ್ರತೆಯ ಪಾಠವನ್ನು ಮೇಷ್ಟ್ರು ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು.

ಊಟದ ಹೊತ್ತಿಗೆ ಹಳೇಬೀಡಿನ ವಿಷಯ ಬರದೆ ಇರುವುದಿಲ್ಲ. ಹೊಯ್ಸಳರ ಗುಡಿಗಳ ಕಂಬಗಳ ಮೇಲಿನ ಉಂಗುರ ಉಂಗುರದ ಗೆರೆಗಳನ್ನು ಕಂಡ, ಲೇತ್ ನಡೆಸುವ ಯಾವ ಟರ್ನರನಿಗೂ ಇದು ತಿರುಗಿಸಿ ಕಡೆದ ಕೆಲಸವೆಂದು ತಿಳಿದುಹೋಗುತ್ತದೆ; ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಅದಕ್ಕೆ ಹೇಳಿ ಮಾಡಿಸಿದಂತಿದೆ. ಬೇಲೂರಿನ ಗುಡಿ ಎದ್ದದ್ದು 1117ರಲ್ಲಿ. ಅಂದಮೇಲೆ ನಮ್ಮ ಸೀಮೆಯಲ್ಲಿ ಲೇತಿಗೆ ಒಂಬೈನೂರು ವರ್ಷವೆಂದು ಹಾಸನದವರು ಎದೆ ಉಬ್ಬಿಸುತ್ತಾರೆ. ಒಮ್ಮೆ ದಾರಿಯಲ್ಲಿ ಅಲ್ಲಿಗೆ ಹೋಗಿದ್ದಾಗ ವ್ಯಾಪಾರಿಗಳು ಜೇಬಿನಿಂದ ದಪ್ಪ ಅಳೆಯುವ ವರ್ನಿಯರ್ ತೆಗೆದಿದ್ದರು. ತೋಳಿನಲ್ಲಿ ತಬ್ಬಬೇಕಾದ ಕಂಬ, ಹದಿನೈದು ಸೆಂಟಿಮೀಟರ್ ಬಾಯಿ ತೆರೆಯುವ ಉಪಕರಣ. ಅಳೆಯುವ ಪ್ರಶ್ನೆಯೇ ಇರಲಿಲ್ಲ. ಆದರೂ ನಮ್ಮ ಚರ್ಚೆಯನ್ನು ಕಿವಿಗೊಟ್ಟು ಕೇಳಿದ ಗೈಡೊಬ್ಬರು, ನಾವು ಹೊರಬರುವಷ್ಟರಲ್ಲಿ, ಈ ಕಂಬವನ್ನು ತಜ್ಞರು ಅಳೆದಿದ್ದಾರೆ, ಒಂದು ಪಾಯಿಂಟ್ ವ್ಯತ್ಯಾಸವಿಲ್ಲ ಎಂದು ಮುಂದಿನ ಪ್ರವಾಸಿಗರಿಗೆ ಹೇಳುತ್ತಿದ್ದರು.

ಸ್ಪರ್ಧೆಯೇನೋ ಸರಳ. ಅಲ್ಯುಮಿನಿಯಂ ಸರಳನ್ನು 40 ಮಿಲಿಮೀಟರ್ ವ್ಯಾಸಕ್ಕೆ ಕಡೆಯಬೇಕು, ಹೆಚ್ಚುಕಡಿಮೆ 0.02 ಮಿಲಿಮೀಟರ್ ಮೀರಬಾರದು. ಮೈಕ್ರೋಮೀಟರಿನ ತಿರುಪು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಸರಿಯುತ್ತದೆ, ಸುತ್ತಿನ ಮೇಲೆ 50 ಗೆರೆಗಳಿರುತ್ತವೆ. ಒಂದು ಗೆರೆಯೆಂದರೆ 0.01. ತಲೆಗೂದಲು ಸಾಮಾನ್ಯವಾಗಿ ಐದರಿಂದ ಹತ್ತು ಗೆರೆ ದಪ್ಪವಿರುತ್ತದೆ. ಇದನ್ನು ಪರೀಕ್ಷಿಸಲು ಪ್ರತಿವರ್ಷ ಎಲ್ಲರ ಕೂದಲನ್ನೂ ಅಳೆಯುವ ಪದ್ಧತಿಯಿದೆ; ಬೋಳುತಲೆಯ ಇಬ್ಬರು ಆ ಹೊತ್ತಿಗೆ ಸರಿಯಾಗಿ ಕೈತೊಳೆಯಲು ಹೋಗುತ್ತಾರೆ.

ಮೊದಲು ಕಡೆದವರು ಡಾಕ್ಟರು. ಹಲ್ಲಿನ ಕುಳಿ ಕೊರೆದು ಪಳಗಿದ ಕೈ, ಯಂತ್ರದಿಂದ ಬಿಚ್ಚುವ ಮೊದಲೇ ಅಳೆದಾಗ 40.00. ಚಪ್ಪಾಳೆ ಬಿತ್ತು. ತೀರ್ಪುಗಾರರಾದ ಮೇಷ್ಟ್ರು ತುಂಡನ್ನು ಕೈಗೆತ್ತಿಕೊಳ್ಳಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಮಲೆನಾಡಿನ ತೋಟದ ಮನೆಯಲ್ಲಿ ಕಾಫಿಯನ್ನು ಆಮೇಲೆ ಕುಡಿಯುತ್ತೇನೆ ಎನ್ನುವುದು ಆಸ್ತಿ ವ್ಯಾಜ್ಯ ಹೂಡುವುದಕ್ಕೆ ಸಮ, ಎಲ್ಲರೂ ಕೂತರು. ಕಾಫಿಯ ಜೊತೆ ಕೋಡುಬಳೆ, ಕೋಡುಬಳೆಯ ಜೊತೆ ಕಾಡಾನೆ ಯಾರ ತೋಟಕ್ಕೆ ನುಗ್ಗಿತೆಂಬ ಮಾತು. ಎದ್ದು ಬಂದು ಅಳೆದರೆ 39.97. ಡಾಕ್ಟರ ಮುಖ ಬಿಳುಚಿಕೊಂಡಿತು. ಎಣ್ಣೆ ಹನಿಸದೆ ಕಡೆದ ಅಲ್ಯುಮಿನಿಯಂ ಕೈ ಸುಡುವಷ್ಟು ಕಾದಿತ್ತು. ಒಂದು ಡಿಗ್ರಿ ಬಿಸಿಗೆ ಅದು ಮೀಟರಿಗೆ ಸುಮಾರು 23 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹಿಗ್ಗುತ್ತದೆ, 35 ಡಿಗ್ರಿ ಆರಿದರೆ 40 ಮಿಲಿಮೀಟರಿನಲ್ಲಿ ಮೂರು ಗೆರೆ ಮಾಯ. ಕಾಫಿಗೆ ಮೊದಲಿನ ಅಳತೆಯೇ ಖರೆ ಎಂದು ಡಾಕ್ಟರು, ಆರಿದ ಅಳತೆಯೇ ಖರೆ ಎಂದು ಮೇಷ್ಟ್ರು.

ಹೆನ್ರಿ ಮಾಡ್‌ಸ್ಲೇ ಎಂಬ ಇಂಗ್ಲಿಷ್ ಯಂತ್ರಕಾರ 1805ರ ಸುಮಾರಿಗೆ ಕಟ್ಟಿದ ಮೈಕ್ರೋಮೀಟರಿಗೆ ‘ಲಾರ್ಡ್ ಚಾನ್ಸಲರ್’ ಎಂದು ಅಡ್ಡಹೆಸರು. ಅವನ ಕಾರ್ಖಾನೆಯಲ್ಲಿ ಅಳತೆಯ ಜಗಳಕ್ಕೆ ಅದರ ತೀರ್ಪೇ ಕೊನೆಯದಾಗಿತ್ತಂತೆ. ನಮ್ಮಲ್ಲಿ ತಲೆಗೊಂದು ಮೈಕ್ರೋಮೀಟರ್ ಇರುವುದರಿಂದ ನ್ಯಾಯಾಲಯಗಳೂ ಅಷ್ಟೇ ಇವೆ. ಮೇಷ್ಟ್ರು ದೊಡ್ಡ ಅಸ್ತ್ರವನ್ನೇ ತೆಗೆದರು: ಉದ್ದದ ಅಳತೆಗಳನ್ನೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಬೇಕೆಂದು 1931ರಲ್ಲೇ ಅಂತರರಾಷ್ಟ್ರೀಯ ಸಮಿತಿ ಗೊತ್ತುಮಾಡಿದೆ. ಇದನ್ನು ಕೇಳಿದ್ದೇ ತಡ ಚಿಕ್ಕಮಗಳೂರಿನವರಿಗೆ ಹೆಮ್ಮೆ ತಡೆಯಲಾಗಲಿಲ್ಲ. ಜಗತ್ತಿನ ಅಳತೆಯನ್ನೆಲ್ಲ ನಮ್ಮೂರಿನ ಬೆಳಗಿನ ಹವೆಗೆ ಹೊಂದಿಸಿದ್ದಾರೆಂದೂ, ಅರಸೀಕೆರೆಯ ಬಿಸಿಲಿನಲ್ಲಿ ಕಡೆದದ್ದೆಲ್ಲ ಲೆಕ್ಕಕ್ಕಿಲ್ಲವೆಂದೂ ಸಾರಿದರು. ಕೊಬ್ಬರಿ ವ್ಯಾಪಾರಿಗಳು ಕೆರಳಿದರು. ನಮ್ಮೂರಿನಲ್ಲಿ ಉಕ್ಕಿನ ಸರಳು ಹಿಗ್ಗಿದರೆ ಉಕ್ಕಿನ ಮೈಕ್ರೋಮೀಟರೂ ಅದರ ಜೊತೆಗೇ ಹಿಗ್ಗುತ್ತದೆ, ಒಟ್ಟಿಗೆ ಬೇಯುವವರ ನಡುವೆ ವ್ಯತ್ಯಾಸವೆಲ್ಲಿ ಬಂತು ಎಂದು ಅವರು ಕೇಳಿದ ಪ್ರಶ್ನೆ ಶಾಸ್ತ್ರಸಮ್ಮತವಾಗಿತ್ತು, ಯಾರೂ ಉತ್ತರ ಕೊಡಲಿಲ್ಲ. ಆ ಬಹುಮಾನ ಹಾಗೇ ಉಳಿಯಿತು.

ಕೊನೆಯ ಸ್ಪರ್ಧೆ ಬುಗುರಿಯದು. ಚಾಟಿಯಿಲ್ಲದೆ ಎರಡು ಬೆರಳಿನಿಂದ ತಿರುವಿ, ಕ್ಷೌರದ ತಗ್ಗುಗನ್ನಡಿಯ ಮೇಲೆ ಬಿಡಬೇಕು. ಹೆಚ್ಚು ಹೊತ್ತು ನಿಂತದ್ದು ಗೆದ್ದಂತೆ. ಭಾರವೆಲ್ಲ ಅಂಚಿನಲ್ಲಿ ಉಳಿಯುವಂತೆ ಒಳಗೆ ಕಡೆದು ತೆಗೆಯಬೇಕು, ಮೈ ನೆಲಕ್ಕೆ ಹತ್ತಿರವಿರಬೇಕು, ಕೆಳಗೆ ಬೇರಿಂಗಿನ ಸಣ್ಣ ಗುಂಡನ್ನು ನಟ್ಟನಡುವೆ ಕೂರಿಸಬೇಕು; ನಡು ಕೊಂಚ ಸರಿದರೂ ಬುಗುರಿ ಮೊದಲ ಸುತ್ತಿನಲ್ಲೇ ತೂರಾಡುತ್ತದೆ. ವ್ಯಾಪಾರಿಗಳ ಹಿತ್ತಾಳೆ ಬುಗುರಿ ಅಂದು ನಿದ್ದೆ ಹೋದಂತೆ ನಿಂತಿತ್ತು. ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅಂಚಿನ ಒಂದು ಗೀರನ್ನು ದಿಟ್ಟಿಸಬೇಕಿತ್ತು. ಗೌಡರು ಮೊಬೈಲಿನಲ್ಲಿ ಹೊತ್ತು ಎಣಿಸುತ್ತಿದ್ದರು. ನಿಮಿಷಗಳು ಒಂದೊಂದಾಗಿ ದಾಟಿ, ಹಿಂದಿನ ದಾಖಲೆ ಇನ್ನೇನು ಮುರಿಯಿತು ಎನ್ನುವಾಗ ಅದೇ ಮೊಬೈಲಿಗೆ ಕರೆ ಬಂತು. ಕಾಳುಮೆಣಸಿನ ವ್ಯಾಪಾರಿ, ದರ ಏರಿದೆಯಂತೆ. ಗೌಡರು ಫೋನನ್ನು ಕಿವಿಗಿಟ್ಟುಕೊಂಡು ಕಣದ ಕಡೆ ನಡೆದೇ ಬಿಟ್ಟರು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವರ ಹಿಂದೆ ಮೆಣಸು ಬೆಳೆಯುವವರೆಲ್ಲ ದರ ಕೇಳಲು ಹೊರಟರು. ಮೆಣಸಿಲ್ಲದ ನಾವು ಅವರನ್ನು ಕರೆಯಲು ಹೊರಟೆವು. ಎಲ್ಲರೂ ಮರಳಿದಾಗ ಬುಗುರಿ ಕನ್ನಡಿಯಿಂದಿಳಿದು ಮೇಜಿನ ಕೆಳಗೆ ಬಿದ್ದಿತ್ತು. ಅದು ಯಾವಾಗ ಬಿತ್ತೆಂದು ಹೇಳಬಲ್ಲದ್ದು ಬಾಗಿಲಲ್ಲಿ ಮಲಗಿದ್ದ ನಾಯಿಯೊಂದೇ.

ಮುಂದಿನ ವರ್ಷ ಗಡಿಯಾರ ಹಿಡಿಯುವ ಕೆಲಸವನ್ನು ಕಾಫಿ ಮೆಣಸು ಬೆಳೆಯದ ತಾಲ್ಲೂಕಿನವರಿಗೇ ಕೊಡಬೇಕೆಂದು ವ್ಯಾಪಾರಿಗಳು ಲಿಖಿತವಾಗಿ ಕೇಳಿದ್ದಾರೆ, ಮತ್ತು ಅದಕ್ಕೆ ತಮ್ಮ ಹೆಸರನ್ನೇ ಸೂಚಿಸಿದ್ದಾರೆ. ಕೊಬ್ಬರಿ ದರದ ಕರೆ ಬಂದರೆ ಅವರು ಎಷ್ಟು ದೂರ ನಡೆಯುತ್ತಾರೆಂಬುದು ಇನ್ನೂ ಇತ್ಯರ್ಥವಾಗಬೇಕಾಗಿರುವುದರಿಂದ ಮೇಷ್ಟ್ರು ಆ ಅರ್ಜಿಯ ಮೇಲೆ ರುಜು ಹಾಕಿಲ್ಲ.