ಹಸನ್ಮುಖಿಯಂತೆ!

ನಿನ್ನೆಯ ಕಾರ್ಯಕ್ರಮದ ಫೋಟೊಗಳಿಗೆ ಯಾಕೆ ಲೈಕ್ ಒತ್ತಿಲ್ಲ ಅಂತ ಮೂರು ಜನ ಇನ್‌ಬಾಕ್ಸಿಗೆ ಬಂದು ಕೇಳಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವಷ್ಟು ತಾಳ್ಮೆ ನನಗಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. ಇಲ್ಲೇ ಹೇಳಿಬಿಡುತ್ತೇನೆ.

2000ದ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ನಾವು. 25 ವರ್ಷ ಆಯಿತು ಅಂತ ಗುರುವಂದನೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಷ್ಟ್ರುಗಳ ಕಾಲಿಗೆ ಬಿದ್ದು ಸೆಲ್ಫಿ. ಅದೆಲ್ಲ ಇರಲಿ, ಚೆನ್ನಾಗಿಯೇ ಆಯಿತು. ಆಮೇಲೆ ಪರದೆಯ ಮೇಲೆ 'ನಮ್ಮನ್ನಗಲಿದ ಗೆಳೆಯರು' ಅಂತ ಬಂತು. ದೀಪ ಉರಿಯುವ ಒಂದು ಚಿತ್ರ, ಪಕ್ಕದಲ್ಲಿ ನಾವು ಬಾಂಗಡೆ ಅಂತ ಕರೆಯುತ್ತಿದ್ದವನ ಹಾಲ್‌ಟಿಕೆಟ್ ಫೋಟೊ. ನಿರೂಪಕ ಚೀಟಿ ನೋಡಿ ಓದಿದ: 'ಸದಾ ಹಸನ್ಮುಖಿ, ಸ್ನೇಹಜೀವಿ, ಪ್ರತಿಭಾವಂತ. ದೇವರಿಗೂ ಒಳ್ಳೆಯವರೇ ಬೇಕಲ್ಲವೇ, ವಿಧಿಯಾಟ.' ಒಂದು ನಿಮಿಷದ ಮೌನ ಅಂದ. ನಾನು ವಾಚು ನೋಡುತ್ತಿದ್ದೆ. 19 ಸೆಕೆಂಡು. ಅಷ್ಟರಲ್ಲಿ ಯಾರದೋ ಮೊಬೈಲು ಬಡಿದುಕೊಂಡಿತು, ನಿರೂಪಕ 'ಧನ್ಯವಾದಗಳು' ಅಂದು ಊಟದ ಸುದ್ದಿಗೆ ಹೋದ. ಯಾರಿಗೆ ಮಾರಾಯಾ ಧನ್ಯವಾದ, ಸತ್ತವನಿಗಾ?

19 ಸೆಕೆಂಡಿನ ಬಗ್ಗೆ ನನಗೆ ತಕರಾರಿಲ್ಲ, ಹಸಿವು ಎಲ್ಲರಿಗೂ ಆಗಿತ್ತು. ತಕರಾರು ಆ 'ಹಸನ್ಮುಖಿ'ಯದ್ದು.

ಬಾಂಗಡೆ ಜೊತೆ ಒಂದೇ ಬೆಂಚಿನಲ್ಲಿ ಆರು ವರ್ಷ ಕೂತವನು ನಾನು. ಏಳನೇ ಕ್ಲಾಸಿನಲ್ಲಿ ಗಂಗಾವಳಿ ದಾಟಿ ಬರುವಾಗ, ದೋಣಿ ದಡ ಮುಟ್ಟುವ ಮೊದಲೇ ಹಾರಲು ಹೋಗಿ ಕಲ್ಲಿನ ಮೇಲೆ ಮುಖ ಕೆಳಗಾಗಿ ಬಿದ್ದ. ಮುಂದಿನ ಹಲ್ಲು ಅರ್ಧ ಹೋಯಿತು. ಅಲ್ಲಿಂದ ಮುಂದೆ ಅವನು ಬಾಯಿ ಬಿಟ್ಟು ನಕ್ಕಿದ್ದೇ ಇಲ್ಲ. ನಗು ಬಂದರೆ ತುಟಿ ಒತ್ತಿ ಹಿಡಿದು, ಮೂಗಿನಲ್ಲಿ ಫುಸ್ ಫುಸ್ ಅಂತ ಗಾಳಿ ಬಿಡುತ್ತಿದ್ದ. ತಡೆಯಲಾಗದಿದ್ದರೆ ಅಂಗೈ ಅಡ್ಡ. ಹಾಲ್‌ಟಿಕೆಟ್ ಫೋಟೊದಲ್ಲೂ ನೋಡಿ, ಯಾರಿಗೋ ಹೊಡೆಯಲು ಹೊರಟವನ ಹಾಗಿದ್ದಾನೆ. ಅದೇ ಫೋಟೊದ ಕೆಳಗೆ ಹಸನ್ಮುಖಿ ಅಂತ ಬರೆದವರಿಗೆ ಕಣ್ಣು ಇರಲಿಲ್ಲವೇ?

ಸ್ನೇಹಜೀವಿಯಂತೆ! ನಮ್ಮ ಕ್ಲಾಸಿನಲ್ಲಿ ಅವನ ಜೊತೆ ಮಾತು ಬಿಡದೇ ಇದ್ದವರು ಯಾರಾದರೂ ಇದ್ದರೆ ಕೈ ಎತ್ತಿ. ಬಂಡಿಹಬ್ಬದ ದಿನ 'ಪರೀಕ್ಷೆ ಫೀಸಿಗೆ ಕಡಿಮೆ ಬಿದ್ದದೆ' ಅಂತ ನನ್ನಿಂದ 35 ರೂಪಾಯಿ ಇಸ್ಕೊಂಡ. ಮೇ ತಿಂಗಳಲ್ಲಿ ಎಂಥ ಪರೀಕ್ಷೆ ಅಂತ ನನ್ನ ತಲೆಗೂ ಹೊಳೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಅಂಕೋಲೆಯ ಪೇಟೆಯಲ್ಲಿ ನೋಡಿದರೆ ಗಿರಕಿ ತೊಟ್ಟಿಲಿನಲ್ಲಿ ಮೇಲೆ ಕೂತಿದ್ದಾನೆ, ಮೂರನೇ ಸುತ್ತು! ಇನ್ನು ನಮ್ಮ ಅಜ್ಜನ ಕರಿ ಈಶಾಡು ಮಾವಿನ ಮರ. ಈಗ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಡಜನ್ ಲೆಕ್ಕದಲ್ಲಿ ಪೆಟ್ಟಿಗೆ ಕಟ್ಟಿ ಮಾರುತ್ತಾರೆ. ಆಗ ನಮಗೆ ಕದಿಯುವ ಹಣ್ಣು, ಅಷ್ಟೇ. ಸಿಪ್ಪೆ ಎಷ್ಟು ತೆಳು ಅಂದರೆ ತುದಿಯನ್ನು ಹಲ್ಲಲ್ಲಿ ಚೂರು ಕಚ್ಚಿ ಹಿಂಡಿದರೆ ಸಾಕು, ರಸ ಮೊಣಕೈವರೆಗೆ ಇಳಿಯುತ್ತದೆ. ಬಾಂಗಡೆ ಆ ಮುರುಕು ಹಲ್ಲನ್ನೇ ಉಳಿ ಮಾಡಿಕೊಂಡಿದ್ದ, ಅದರಲ್ಲೇ ತೂತು ಕೊರೆಯುತ್ತಿದ್ದ. ಸಿಕ್ಕಿಬಿದ್ದಾಗ ಅಜ್ಜನ ಮುಂದೆ ನಿಂತು, 'ನಿಮ್ಮ ಮೊಮ್ಮಗನೇ ಕರದದ್ದು ಅಜ್ಜಾ, ನಾ ಬ್ಯಾಡ ಅಂದೆ' ಅಂದ. ಪೆಟ್ಟು ತಿಂದವನು ನಾನು. ಬೇಲಿಯಾಚೆ ನಿಂತು ಫುಸ್ ಫುಸ್ ಮಾಡುತ್ತಿದ್ದವನು ಅವನು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ಕಾಮೆಂಟು ಟೈಪ್ ಮಾಡುತ್ತಿರಬಹುದು. ಆಡಬಾರದು, ಸರಿ. ಆದರೆ ಇದರಲ್ಲಿ ಕೆಟ್ಟದ್ದು ಎಲ್ಲಿದೆ ತೋರಿಸಿ. ಮಾವಿನಹಣ್ಣು ಕದ್ದದ್ದಾ? ಅವನಿಂದ ಅದನ್ನೂ ಕಿತ್ತುಕೊಂಡರೆ ಉಳಿಯುವುದು ಶ್ರದ್ಧಾಂಜಲಿ ಫ್ಲೆಕ್ಸಿನ ಒಬ್ಬ ಅನಾಮಧೇಯ. ಸರ್ಕಲ್ಲಿನಲ್ಲಿ ದಿನಾ ನೋಡುತ್ತೇವಲ್ಲ, ಎಲ್ಲರೂ ಹಸನ್ಮುಖಿಗಳು, ಎಲ್ಲರೂ ಸ್ನೇಹಜೀವಿಗಳು. ಹಾಗಾದರೆ ನಮ್ಮೂರಿನಲ್ಲಿ ಇಷ್ಟು ಜಗಳ ಮಾಡುತ್ತಿರುವವರು ಯಾರೋ!

ಮತ್ತೆ ಆ 'ವಿಧಿಯಾಟ'. ಈ ಮಾತು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬಹಳ ಅನುಕೂಲ. ರಸ್ತೆ ಅಗಲ ಮಾಡಲು ಗುಡ್ಡ ಕಡಿಯುತ್ತೇವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಕೂರುತ್ತದೆ. ವಿಧಿ. ಜೀವ ಹೋಗುವಂಥ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು, ದಾರಿಯಲ್ಲೇ ಹೋದರೆ ಅದೂ ವಿಧಿ.

ಬಾಂಗಡೆ ಸತ್ತದ್ದು 2008ರ ಜುಲೈಯಲ್ಲಿ, 24ಕ್ಕೆ. ಇಲಿಜ್ವರ. ನಾಟಿಯ ಸಮಯ, ಹಿಮ್ಮಡಿಯಲ್ಲಿ ಗಾಯ, ದಿನವಿಡೀ ಗದ್ದೆ ನೀರಿನಲ್ಲಿ ನಿಂತದ್ದು. ಇಲಿಯ ಉಚ್ಚೆ ಸೇರಿದ ನೀರು ಗಾಯದಿಂದ ಒಳಗೆ ಹೋದರೆ ಸಾಕು, ವಾರ ಹತ್ತು ದಿನದಲ್ಲಿ ಜ್ವರ. 'ಮೀನಖಂಡ ಹಿಂಡಿ ಹಾಕ್ತದೆ ಮಾರಾಯಾ' ಅಂತಿದ್ದ. ನಾಟಿ ಮಾಡಿದರೆ ಕಾಲು ನೋಯದೇ ಇರ್ತದಾ ಅಂದೆ. ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟದ್ದು ಅಂದುಕೊಂಡೆವು. ಐದನೇ ದಿನ ಅದೇ ಕಣ್ಣು ಹಳದಿ. ಹಳದಿ ಅಂದರೆ ನಮ್ಮ ಕಡೆ ಕಾಮಾಲೆ, ಕಾಮಾಲೆ ಅಂದರೆ ನಾಟಿ ಮದ್ದು. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮೂರು ದಿನ, ಉಪ್ಪು-ಖಾರ ಬಿಟ್ಟು ಪಥ್ಯ.

ಮದ್ದಿಗೆ ಬೈಕಿನಲ್ಲಿ ಕೂರಿಸಿಕೊಂಡು ಹೋದವನು ನಾನು.

ಮೂರೂ ದಿನ. ಮೂರನೇ ದಿನ ಹಿಂದೆ ಕೂತವನು ನನ್ನ ಬೆನ್ನಿಗೆ ಹಣೆ ಒರಗಿಸಿಕೊಂಡಿದ್ದ. ರೇನ್‌ಕೋಟಿನ ಮೇಲೂ ಬಿಸಿ ಗೊತ್ತಾಗುತ್ತಿತ್ತು. ಅವತ್ತು ಸಂಜೆಗೆ ಉಚ್ಚೆ ನಿಂತಿತು. ಆಸ್ಪತ್ರೆಯಲ್ಲಿ ಕಿಡ್ನಿ ಹೋಗಿದೆ, ಡಯಾಲಿಸಿಸ್ ಬೇಕು, ಮಣಿಪಾಲಕ್ಕೆ ಒಯ್ಯಿರಿ ಅಂದರು. ಭಟ್ಕಳ ದಾಟಿದ ಮೇಲೆ ಅಂಬುಲೆನ್ಸು ನಿಧಾನವಾಯಿತು. ಯಾಕೆ ಅಂತ ನಾವು ಯಾರೂ ಡ್ರೈವರನ್ನು ಕೇಳಲಿಲ್ಲ.

ಮೊದಲ ವಾರದಲ್ಲೇ ಹಿಡಿದರೆ ಪೆನಿಸಿಲಿನ್ನಿಗೋ ಡಾಕ್ಸಿಸೈಕ್ಲಿನ್ನಿಗೋ ಬಗ್ಗುವ ಕಾಯಿಲೆ ಅದು. ಹಳೇ ಔಷಧ, ಅಗ್ಗದ ಔಷಧ. ಆಮೇಲೆ ಓದಿ ತಿಳಿದುಕೊಂಡೆ. ಯಾಕಾದರೂ ಓದಿದೆನೋ. ಈಗ ಹೇಳಿ, ವಿಧಿಯಾಟ ಅಂದರೆ ಎಲ್ಲರಿಗಿಂತ ಹೆಚ್ಚು ಸಮಾಧಾನ ಆಗಬೇಕಾದ್ದು ಯಾರಿಗೆ? ನನಗೇ. ಅದಕ್ಕೇ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಊಟಕ್ಕೆ ನಿಲ್ಲದೆ ಅವನ ಮನೆಗೆ ಹೋದೆ. ಆಯಿ ಅಂಗಳದಲ್ಲಿ ಮುರುಗಲ ಸಿಪ್ಪೆ ಒಣಹಾಕುತ್ತಿದ್ದಳು. 'ಬಂದ್ಯಾ ತಮಾ? ಶಾಲೆಲಿ ಊಟ ಇತ್ತಲಾ, ಉಂಡ್ಕಂಡ್ ಬಂದ್ಯಾ?' ಇಲ್ಲ ಅಂದದ್ದಕ್ಕೆ ಗಂಜಿ ಬಡಿಸಿದಳು, ಸುಟ್ಟ ಒಣ ಬಾಂಗಡೆ ಮೀನು ಪಕ್ಕಕ್ಕೆ. ಅವನ ಬಗ್ಗೆ ಎಂತ ಹೇಳಿದ್ರು ಅಂತ ಕೇಳಿದಳು. ಸದಾ ನಗುಮುಖದವ ಅಂದ್ರು ಅಂತ ಹೇಳಿದೆ.

'ಯಾರು? ನಮ್ಮ ಅಂವನಾ?'

ಹೇಳಿ ತುಟಿ ಒತ್ತಿ ಹಿಡಿದಳು. ಮೂಗಿನಿಂದ ಗಾಳಿ ಬಂತು. ಹಲ್ಲು ಮುರಿಯುವ ಮೊದಲೂ ಅವನು ಹಾಗೇ ನಗುತ್ತಿದ್ದನೋ ಏನೋ, ನನಗೆ ನೆನಪಾಗುತ್ತಿಲ್ಲ.

ಸ್ಮರಣ ಸಂಚಿಕೆ ತರುತ್ತಾರಂತೆ. ಬಾಂಗಡೆ ಬಗ್ಗೆ ನಾಲ್ಕು ಸಾಲು ಕೇಳಿದ್ದರು. ನಿನ್ನೆ ರಾತ್ರಿಯೇ ಕಳಿಸಿದೆ: 'ಮುಂದಿನ ಹಲ್ಲು ಅರ್ಧ ಇರಲಿಲ್ಲ. ಸುಳ್ಳ. ನನಗೆ 35 ರೂಪಾಯಿ ಕೊಡುವುದಿದೆ. ಇಲಿಜ್ವರದಲ್ಲಿ ಸತ್ತ, ಕಾಮಾಲೆ ಮದ್ದಿಗೆ ಕರೆದುಕೊಂಡು ಹೋದವನು ನಾನು.'

ಬೆಳಿಗ್ಗೆ ಉತ್ತರ ಬಂದಿದೆ. ಎರಡು ಕೈಮುಗಿದ ಎಮೋಜಿ, ಕೆಳಗೆ 'ಸ್ವಲ್ಪ ಎಡಿಟ್ ಮಾಡಿ ಹಾಕ್ತೇವೆ.'