ಬೋಗುಣಿಯ ಅಂಚಿನಲ್ಲೊಂದು ಮೂಗು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಿಲ್ಲದವರು ಕಡಿಮೆ. ಇಲಿಕಾಟ ತಡೆಯಲಾರದೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೆಂದು ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಕುದಿ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಟ ಕೀಳುತ್ತಿತ್ತು, ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು. ಆದರೆ ಆ ಬೆಕ್ಕು ಅಷ್ಟು ದಿನ ಏನು ಕುಡಿದುಕೊಂಡಿತ್ತು ಎಂದು ಯಾರೂ ಕೇಳುವುದಿಲ್ಲ. ನೀರನ್ನೇ ಕುಡಿದಿರಬೇಕು. ಹಿತ್ತಲ ಕಲ್ಲಿನ ಬಾನಿಯಲ್ಲೋ, ಪಾತ್ರೆ ತೊಳೆಯುವ ಜಾಗದಲ್ಲಿ ನಿಂತ ಗುಂಡಿಯಲ್ಲೋ, ಎಲ್ಲಿಯೋ.

ನಮ್ಮ ಗಾದೆಗಳೂ ಬೆಕ್ಕಿಗೆ ಹಾಲನ್ನೇ ಬಡಿಸಿವೆ, ಅದೂ ಕಣ್ಣು ಮುಚ್ಚಿಕೊಂಡು ಕುಡಿಯುವಂತೆ. ನಿಜದಲ್ಲಿ ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ. ಮರಿತನ ಕಳೆಯುತ್ತಿದ್ದಂತೆ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಕಡಿಮೆಯಾಗಿ ಹೊಟ್ಟೆ ಕೆಡುತ್ತದೆ. ನೀರಿನ ವಿಷಯದಲ್ಲಂತೂ ಕಣ್ಣು ಮುಚ್ಚುವ ಮಾತೇ ಇಲ್ಲ. ಬೋಗುಣಿಯ ಮುಂದೆ ಕೂರುತ್ತದೆ, ಅಂಚಿಗೆ ಮೂಗು ತಂದು ಮೂಸುತ್ತದೆ, ಮುಂಗಾಲನ್ನು ಒಮ್ಮೆ ಅದ್ದಿ ಕೊಡವುತ್ತದೆ, ಆಮೇಲೆ ಎದ್ದು ಬಚ್ಚಲುಮನೆಯ ಬಕೆಟ್ಟಿನ ಕಡೆ ನಡೆಯುತ್ತದೆ. "ಫಿಲ್ಟರ್ ನೀರೇ ಹಾಕಿದ್ದೀನಲ್ಲ ಮಹರಾಯ, ಇನ್ನೇನು ಬೇಕು ನಿಂಗೆ?" ಎಂದು ಮನೆಯವರು ಕೇಳುತ್ತಾರೆ. ಫಿಲ್ಟರ್ ನೀರೇ ಹೌದು. ಬೆಕ್ಕಿನ ತಕರಾರು ಹತ್ತಕ್ಕೆ ಒಂಬತ್ತು ಸಲ ನೀರಿನ ಮೇಲಲ್ಲ, ಪಾತ್ರೆಯ ಮೇಲೆ.

ಕಾಲು ಅದ್ದುವುದಕ್ಕೂ ಕಾರಣವಿದೆ. ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ್ದು ಬೆಕ್ಕಿನ ಕಣ್ಣಿಗೆ ಮಸುಕು. ಅಲುಗಾಡದ ತಿಳಿನೀರಿನ ಮಟ್ಟ ಎಲ್ಲಿದೆ ಎಂದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಮುಟ್ಟಿಯೇ ತಿಳಿಯಬೇಕು. ಕುಡಿಯುವ ರೀತಿಯೂ ಬಲು ನಾಜೂಕು. ನಾಯಿ ನಾಲಿಗೆಯನ್ನು ಹಿಂದಕ್ಕೆ ಮಡಚಿ ಸೌಟಿನಂತೆ ಎತ್ತುತ್ತದೆ, ಅರ್ಧ ನೆಲಕ್ಕೆ ಚೆಲ್ಲುತ್ತದೆ. ಬೆಕ್ಕು ನಾಲಿಗೆಯ ತುದಿಯನ್ನಷ್ಟೇ ನೀರಿನ ಮೈಗೆ ತಾಕಿಸಿ ಸರಕ್ಕನೆ ಮೇಲೆಳೆಯುತ್ತದೆ. ಅದರ ಹಿಂದೆಯೇ ನೀರು ಸಣ್ಣ ಕಂಬದಂತೆ ಏಳುತ್ತದೆ, ಕಂಬ ಕುಸಿಯುವ ಮೊದಲೇ ಬಾಯಿ ಮುಚ್ಚುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಡ್ಗರ್ಟನ್ ಇದನ್ನು 1940ರಲ್ಲೇ ವೇಗದ ಕ್ಯಾಮೆರಾದಲ್ಲಿ ಹಿಡಿದಿದ್ದರು. ಅದರ ಭೌತಶಾಸ್ತ್ರ ಬಿಡಿಸಿದ್ದು 2010ರಲ್ಲಿ, ಅದೇ ಎಂಐಟಿಯ ರೋಮನ್ ಸ್ಟಾಕರ್ ಮತ್ತು ಸಂಗಡಿಗರು, ಸ್ಟಾಕರ್ ಅವರ ‘ಕಟ್ಟಾ ಕಟ್ಟಾ’ ಎಂಬ ಹೆಸರಿನ ಸ್ವಂತ ಬೆಕ್ಕು ನೀರು ಕುಡಿಯುವುದನ್ನು ನೋಡಿ ನೋಡಿ. ಸೆಕೆಂಡಿಗೆ ಮೂರೂವರೆ ನಾಲ್ಕು ಸಲ ನೆಕ್ಕಿದರೂ ಒಂದು ನೆಕ್ಕಿಗೆ ಸಿಗುವುದು ಒಂದು ಮಿಲಿಲೀಟರಿನ ಹತ್ತನೆಯ ಒಂದು ಪಾಲಿನಷ್ಟು. ದರ್ಶಿನಿಯ ಒಂದು ಕಾಫಿ ಲೋಟ ನೀರು ಮುಗಿಸಲು ಸಾವಿರದ ಹತ್ತಿರ ನೆಕ್ಕಬೇಕು. ಅಷ್ಟು ಹೊತ್ತು ಮೂಗು ನೀರಿನ ಮೇಲೆಯೇ ಇರುತ್ತದೆ. ವಾಸನೆ ಹಿಡಿಸದಿದ್ದರೆ ಎದ್ದು ಹೋಗದೆ ಇನ್ನೇನು ಮಾಡೀತು?

ಎಷ್ಟು ಬೇಕು ಎನ್ನುವುದಕ್ಕೆ ಒಂದು ಅಂದಾಜಿದೆ: ಕಿಲೋ ತೂಕಕ್ಕೆ ದಿನಕ್ಕೆ 50 ಮಿಲಿಲೀಟರ್, ತಿನ್ನುವುದರಲ್ಲಿರುವ ನೀರೂ ಸೇರಿ. ನಾಲ್ಕು ಕಿಲೋ ಬೆಕ್ಕಿಗೆ 200. ಮೀನು ಬೆರೆಸಿದ ಅನ್ನವೋ ಪೌಚಿನ ಹಸಿ ಆಹಾರವೋ ಆದರೆ ಅದರಲ್ಲೇ ನೂರಕ್ಕೆ ಎಪ್ಪತ್ತರ ಮೇಲೆ ನೀರು, ಬೋಗುಣಿಗೆ ಬಾಯಿ ಹಾಕುವುದೇ ಅಪರೂಪ. ಒಣ ಕಾಳಿನ ಆಹಾರದಲ್ಲಿ ಹತ್ತರಷ್ಟು ಇದ್ದರೆ ಹೆಚ್ಚು, ಉಳಿದದ್ದೆಲ್ಲ ಬೋಗುಣಿಯಿಂದಲೇ ಬರಬೇಕು. ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಇಲಿಯ ಮೈಯಲ್ಲಿರುವ ನೀರಿನಲ್ಲೇ ಬದುಕು ಸಾಗಿಸಿದ ಕುಲ ಅದು. ಬಾಯಾರಿಕೆ ಮಂದ, ಮೂತ್ರ ಗಟ್ಟಿ. ಹಾಗಾಗಿ ನೀರು ಹಿಡಿಸದಿದ್ದರೆ ಬೆಕ್ಕು ಗಲಾಟೆ ಮಾಡುವುದಿಲ್ಲ, ಸುಮ್ಮನೆ ಕಡಿಮೆ ಕುಡಿಯುತ್ತದೆ. ಅದರ ಫಲ ತಿಂಗಳುಗಳಾದ ಮೇಲೆ ಮೂತ್ರಕೋಶದಲ್ಲಿ ಕಾಣುತ್ತದೆ.

ಪಾತ್ರೆಯ ವಿಷಯಕ್ಕೆ ಬರೋಣ. ನಿನ್ನೆ ಬೆಳಿಗ್ಗೆ ನೀರಿಟ್ಟ ಬೋಗುಣಿಯ ಒಳಮೈಯನ್ನು ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ. ಜಾರುತ್ತದೆ. ಕಣ್ಣಿಗೆ ಏನೂ ಕಾಣದು, ಬೆರಳಿಗೆ ಲೋಳೆ. ಬೆಕ್ಕಿನ ಎಂಜಲು, ಉದುರಿದ ಕೂದಲು, ಮೀಸೆಗೆ ಅಂಟಿ ಬಂದ ಕಾಳಿನ ಪುಡಿ, ಮನೆಯ ದೂಳು, ಇವನ್ನೇ ಉಂಡು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಅಂಟು ಗೂಡು ಅದು. ನೀರು ಚೆಲ್ಲಿ, ಗಲಬರಿಸಿ, ಮತ್ತೆ ತುಂಬಿದರೆ ಅದು ಒಂದಿಷ್ಟೂ ಕದಲುವುದಿಲ್ಲ. ಹಳೇ ನೀರಿನ ಮೇಲೆಯೇ ಹೊಸ ನೀರು ಸುರಿಯುವವರ ಮನೆಯಲ್ಲಂತೂ ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಹಳೆಯದು ಹೊಸದನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಲೋಳೆ ಬಿಡಬೇಕಾದರೆ ತಿಕ್ಕಲೇಬೇಕು. ದಿನಕ್ಕೊಮ್ಮೆ, ಎರಡು ಹನಿ ಸೋಪು, ಬಿಸಿನೀರು, ಒಳಮೈಯನ್ನೂ ಅಂಚನ್ನೂ ಸೇರಿಸಿ ಅರ್ಧ ನಿಮಿಷ. ಆಮೇಲೆ ಮೂರು ನೀರು ಬದಲಿಸಿ ತೊಳೆಯಬೇಕು. ಇಲ್ಲೊಂದು ಸಣ್ಣ ತೊಡಕು: ನಮ್ಮ ಪಾತ್ರೆ ಸೋಪುಗಳಿಗೆಲ್ಲ ನಿಂಬೆಹಣ್ಣಿನ ವಾಸನೆ, ನಮಗೆ ಅದೇ ಶುಚಿಯ ಗುರುತು. ಬೆಕ್ಕಿಗೆ ನಿಂಬೆಯ ಜಾತಿಯ ವಾಸನೆಯೆಂದರೆ ಆಗದು. ವಾಸನೆಯಿಲ್ಲದ ಸೋಪು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ನಾಲ್ಕನೆಯ ನೀರು. ತಿಕ್ಕುವ ನಾರು ಬೇರೆಯೇ ಇರಲಿ. ಒಂದೇ ಥರದ ಎರಡು ಬೋಗುಣಿ ಇಟ್ಟುಕೊಂಡರೆ ಒಂದು ಬಳಕೆಯಲ್ಲಿದ್ದಾಗ ಇನ್ನೊಂದು ಬಿಸಿಲಲ್ಲಿ ಒಣಗುತ್ತಿರುತ್ತದೆ.

ಅಂಗಡಿಯಲ್ಲಿ ಸಿಗುವ, ತಳಕ್ಕೆ ರಬ್ಬರ್ ಬಳೆ ಹಾಕಿದ ಸ್ಟೀಲ್ ಬಟ್ಟಲು ಇದ್ದರೆ ಆ ಬಳೆಯನ್ನು ಈಗಲೇ ಕಿತ್ತು ನೋಡಿ. ಸಂದಿಯಲ್ಲಿ ಕರ್ರಗಿನ ಜಿಡ್ಡು, ಕೊಳೆತ ವಾಸನೆ ಇದ್ದೀತು. ಒಳಮೈ ಎಷ್ಟು ಹೊಳೆದರೂ ಬೆಕ್ಕು ಮೂಸಿ ಹೋಗಿದ್ದು ಇದನ್ನೇ ಇರಬಹುದು. ವಾರಕ್ಕೊಮ್ಮೆ ಬಳೆ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಎರಡನ್ನೂ ಪೂರ್ತಿ ಒಣಗಿಸಿಯೇ ಮತ್ತೆ ತೊಡಿಸಬೇಕು. ಪ್ಲಾಸ್ಟಿಕ್ ಬಟ್ಟಲನ್ನು ಗಿಡಗಳಿಗೆ ಬಿಟ್ಟುಕೊಡಿ. ಅದರ ಮೈಯಲ್ಲಿ ಬಿದ್ದ ಗೀರುಗಳೊಳಗಿಂದ ಲೋಳೆ ಹೊರಡುವುದಿಲ್ಲ, ಕೆಲವು ಬೆಕ್ಕುಗಳ ಗದ್ದದ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಏಳುವ ಕಪ್ಪು ಚುಕ್ಕೆಗಳಿಗೂ ಪ್ಲಾಸ್ಟಿಕ್ಕಿಗೂ ನಂಟಿದೆ. ಸ್ಟೀಲು, ಗಾಜು, ಬಿರುಕಿಲ್ಲದ ಪಿಂಗಾಣಿ, ಮೂರೂ ಸರಿ. ಅಗಲ ಒಂದು ಗೇಣಿಗಿಂತ ತುಸು ಕಡಿಮೆ, ಆಳ ಮೂರು ಬೆರಳು, ನೀರು ಅಂಚಿನಿಂದ ಒಂದು ಬೆರಳು ಕೆಳಗಿನವರೆಗೆ. ಮಣ್ಣಿನ ಮಡಕೆಯ ನೀರು ಬೇಸಿಗೆಯಲ್ಲಿ ಬೆಕ್ಕಿಗೂ ಹಿತ, ಆದರೆ ಬಗ್ಗಿಸಿ ಸ್ಟೀಲಿಗೆ ಹಾಕಿ. ಮಣ್ಣಿನ ಬಟ್ಟಲಿನ ರಂಧ್ರಗಳನ್ನು ಸೋಪು ಹಾಕಿ ತಿಕ್ಕಿದರೆ ಸೋಪೇ ಒಳಗೆ ಉಳಿಯುತ್ತದೆ.

ಬ್ಲೀಚು ಬೇಕಾಗುವುದು ವಾರಕ್ಕೊಮ್ಮೆ, ಅಥವಾ ಬೆಕ್ಕಿಗೆ ಭೇದಿ ಆಗಿದ್ದಾಗ. ಒಂದು ಲೀಟರ್ ನೀರಿಗೆ ಮನೆಬಳಕೆಯ, ವಾಸನೆ ಸೇರಿಸದ ಬ್ಲೀಚು ಒಂದು ಟೀ ಚಮಚ, ಹತ್ತು ನಿಮಿಷ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸುವುದು. ಹೆಚ್ಚು ಹೊತ್ತು ನೆನೆಸಿದರೆ ಸ್ಟೀಲಿನಲ್ಲೂ ಚುಕ್ಕೆ ಏಳುತ್ತವೆ. ಬೋರ್ ನೀರಿನ ಬಿಳಿ ಗೆರೆಗೆ ಬ್ಲೀಚು ನಾಟುವುದಿಲ್ಲ, ಹುಳಿ ಬೇಕು: ಹುಣಸೆಹಣ್ಣಿನ ಕಿವುಚಿದ ರಸವೋ, ನೀರಿಗೆ ಸಮಸಮ ಬೆರೆಸಿದ ವಿನೆಗರೋ, ಅರ್ಧ ಗಂಟೆ. ಹುಳಿ ಮತ್ತು ಬ್ಲೀಚು ಒಂದೇ ಪಾತ್ರೆಯಲ್ಲಿ ಯಾವತ್ತೂ ಸೇರಬಾರದು, ಸೇರಿದರೆ ಏಳುವುದು ಕ್ಲೋರಿನ್ ಅನಿಲ.

ಬೆಕ್ಕು ಸಾಕಿದ ಮನೆಯ ನಿಜವಾದ ಅಪಾಯ ಬೋಗುಣಿಯ ಒಳಗಿರುವುದಕ್ಕಿಂತ ಸುತ್ತಲಿನ ನೆಲದಲ್ಲಿದೆ. ಬಿಳಿಯದಾಗಲಿ ಕರಿಯದಾಗಲಿ ಫಿನಾಯಿಲ್, ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಆ ಕಂದು ನಂಜುನಿವಾರಕ, ಇವು ನಮಗೆ ಹಬ್ಬದ ದಿನದ ವಾಸನೆ. ಫಿನಾಲ್ ಜಾತಿಯ ವಸ್ತುಗಳನ್ನು ನಮ್ಮ ಯಕೃತ್ತು ಬೇರೊಂದಕ್ಕೆ ಕಟ್ಟಿ ಹೊರಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಕಿಣ್ವದ ಜೀನು ಬೆಕ್ಕಿನಲ್ಲಿ ಕೆಟ್ಟು ಕೂತಿದೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು, ಜೊಲ್ಲು, ವಾಂತಿ, ನಾಲಿಗೆಯಲ್ಲಿ ಹುಣ್ಣು. ನೆಲ ಒರೆಸಿದ ಬಕೆಟ್ಟನ್ನು ಕೂಡಲೇ ಬಗ್ಗಿಸಿ, ತೊಳೆದು, ಬೋರಲು ಹಾಕಬೇಕು, ಬೆಕ್ಕಿಗೆ ಬಕೆಟ್ಟಿನ ಮೇಲೆ ಎಷ್ಟು ಪ್ರೀತಿ ಎನ್ನುವುದು ಗೊತ್ತೇ ಇದೆಯಲ್ಲ. ಮರಿಗಳಿದ್ದರೆ ನೀರು ತುಂಬಿದ ಬಕೆಟ್ಟಿಗೆ ಮುಚ್ಚಳವೂ ಬೇಕು, ಬಿದ್ದರೆ ನುಣುಪು ಗೋಡೆ ಹತ್ತಿ ಬರಲಾರವು. ಊಟದ ಬಟ್ಟಲಿಗೆ ಇರುವೆ ಮುತ್ತಿತೆಂದು ಸುತ್ತ ಇರುವೆ ಸೀಮೆಸುಣ್ಣದ ಗೆರೆ ಎಳೆಯುವವರಿದ್ದಾರೆ. ಅದರಲ್ಲಿರುವುದು ಪೈರೆಥ್ರಾಯ್ಡ್ ಕೀಟನಾಶಕ, ನಾಯಿಗಿಂತ ಬೆಕ್ಕನ್ನು ಅದು ಬಹಳ ಹೆಚ್ಚು ಕಾಡುತ್ತದೆ, ನಡುಕ ಹಿಡಿಸುತ್ತದೆ. ಅಜ್ಜಿಯರು ಬೆಲ್ಲದ ಡಬ್ಬಿಗೆ ಮಾಡುತ್ತಿದ್ದಂತೆ ಊಟದ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟರೆ ಸಾಕು. ಹೂದಾನಿಯಲ್ಲಿ ಲಿಲಿ ಇದ್ದರೆ ಆ ಹೂವಷ್ಟೇ ಅಲ್ಲ, ಅದು ನಿಂತ ನೀರು ಕೂಡ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಆ ಹೂವು ಮನೆಯೊಳಗೆ ಬರದಿರುವುದೇ ಮೇಲು.

ಇನ್ನು ನೀರಿಗೇ ಬಂದರೆ, ನೀವು ಕುಡಿಯುವುದನ್ನೇ ಅದಕ್ಕೂ ಕೊಡಿ, ಮುಗಿಯಿತು. ಕಾವೇರಿ ನೀರಿನ ಕ್ಲೋರಿನ್ ಘಾಟು ಬೆಕ್ಕಿಗೆ ಹಿಡಿಸದಿದ್ದರೆ ಕುದಿಸಿ ಆರಿಸಿ, ಇಲ್ಲವೇ ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆಳ್ಳನೆ ಬಟ್ಟೆ ಮುಚ್ಚಿಡಿ. ಬಾವಿ ನೀರಾದರೆ, ಮಳೆಗಾಲದಲ್ಲಂತೂ, ಕೊತಕೊತ ಒಂದು ನಿಮಿಷ ಕುದಿಯಲೇಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಫ್ಲೋರೈಡ್ ಇರುವ ಬೋರ್ ನೀರಿಗೆ ಮಾತ್ರ ಕುದಿಸುವುದು ಮದ್ದಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಆರ್‌ಒ ನೀರೇ ಆಗಬೇಕು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು "ಬೆಕ್ಕಿಗೆ ತಾನೆ" ಎಂದು ಹಿಡಿದಿಡಬೇಡಿ, ಯಂತ್ರ ತೆಗೆದುಹಾಕಿದ್ದೆಲ್ಲ ಇರುವುದು ಅದರಲ್ಲಿ. ಇನ್ನೊಂದು ಮಾತು ಮನುಷ್ಯರಿಗೆ: ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟದ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ಸಿಕ್ಕರೆ ವಾರ ಹತ್ತು ದಿನದಲ್ಲಿ ಸೊಳ್ಳೆ. ತಾರಸಿಯ ಮೇಲೆ ಹಕ್ಕಿಗೂ ಬೀದಿಬೆಕ್ಕಿಗೂ ಎಂದು ಬೇಸಿಗೆಯಲ್ಲಿಟ್ಟ ಬಟ್ಟಲು ಮಳೆ ಶುರುವಾದ ಮೇಲೆ ಡೆಂಗಿಯ ತೊಟ್ಟಿಲಾಗುವುದು ಹೀಗೆ. ಚೆಲ್ಲಿದರೆ ಸಾಲದು, ಅಂಚನ್ನು ತಿಕ್ಕಬೇಕು.

ಕಾರಂಜಿ ಬೋಗುಣಿಗಳೂ ಬಂದಿವೆ, ಎರಡು ಲೀಟರ್ ತೊಟ್ಟಿ, ಸಣ್ಣ ಪಂಪು, ಇದ್ದಲಿನ ಫಿಲ್ಟರು. ಹರಿಯುವ ನೀರು ಕೆಲವು ಬೆಕ್ಕುಗಳಿಗೆ ಇಷ್ಟ, ಕೆಲವು ಅದನ್ನು ಟೀವಿಯಂತೆ ನೋಡುತ್ತ ಕೂರುತ್ತವೆ. ನೀರು ಹರಿಯುತ್ತಿದೆ, ಫಿಲ್ಟರೂ ಇದೆ, ಇನ್ನು ತೊಳೆಯಬೇಕಿಲ್ಲ ಎಂದುಕೊಳ್ಳುವುದೇ ಇಲ್ಲಿ ಆಗುವ ತಪ್ಪು. ಆ ಫಿಲ್ಟರು ವಾಸನೆ, ಕೂದಲು ಹಿಡಿಯುತ್ತದೆ, ಕ್ರಿಮಿ ಕೊಲ್ಲುವುದಿಲ್ಲ. ಹೊಸ ಫಿಲ್ಟರನ್ನು ಹತ್ತು ನಿಮಿಷ ನೆನೆಸಿ, ಕರಿ ಪುಡಿ ಹೋಗುವವರೆಗೆ ತೊಳೆದು ಹಾಕಿ, ಎರಡರಿಂದ ನಾಲ್ಕು ವಾರಕ್ಕೆ ಬದಲಿಸಿ. ವಾರಕ್ಕೊಮ್ಮೆ ಪ್ಲಗ್ ತೆಗೆದು ಪಂಪಿನ ಮುಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಪುಟ್ಟ ಚಕ್ರವೊಂದು ಅಯಸ್ಕಾಂತದ ಹಿಡಿತದಲ್ಲಿ ಕೂತಿರುತ್ತದೆ. ಉಗುರಿನಿಂದ ಎಳೆದರೆ ಟಕ್ಕೆಂದು ಬರುತ್ತದೆ, ದಂಡಕ್ಕೆ ಕೂದಲು ದಾರದುಂಡೆಯಂತೆ ಸುತ್ತಿರುತ್ತದೆ. ಅದನ್ನು ಬಿಡಿಸಿ, ಕುಳಿಯನ್ನು ಕಿವಿಕಡ್ಡಿಯಿಂದ ಒರೆಸಿ. ಗೊರಗೊರ ಸದ್ದು ಬಂದರೆ ನೀರು ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ ಎಂದರ್ಥ, ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ. ಕರೆಂಟು ಹೋಗುವ ಊರಿನಲ್ಲಿ ಪಕ್ಕದಲ್ಲೊಂದು ಮಾಮೂಲಿ ಬೋಗುಣಿ ಇದ್ದೇ ಇರಲಿ.

ಎಲ್ಲಿಡುವುದು? ಮಲಮೂತ್ರದ ತಟ್ಟೆಯಿಂದ ದೂರ, ಊಟದ ಬಟ್ಟಲಿನಿಂದಲೂ ನಾಲ್ಕು ಹೆಜ್ಜೆ ಆಚೆ, ಬೆನ್ನಿಗೆ ಗೋಡೆಯಿಟ್ಟುಕೊಂಡು ಬಾಗಿಲು ನೋಡುತ್ತ ಕುಡಿಯುವಂಥ ಜಾಗದಲ್ಲಿ. ಬೆಕ್ಕೊಂದಕ್ಕೆ ಎರಡು, ಎರಡಕ್ಕೆ ಮೂರು ಬೋಗುಣಿ. ಎಷ್ಟು ಕುಡಿಯುತ್ತಿದೆ ಎಂದು ಅಳೆಯುವುದು ಕಷ್ಟವಲ್ಲ. ಬೆಳಿಗ್ಗೆ 300 ಮಿಲಿಲೀಟರ್ ಅಳೆದು ಹಾಕಿ ಮರುದಿನ ಉಳಿದದ್ದನ್ನು ಅಳೆದರಾಯಿತು. ಆವಿಯಾಗಿ ಹೋದದ್ದನ್ನು ಕಳೆಯಲು ಅಂಥದ್ದೇ ಇನ್ನೊಂದು ಬೋಗುಣಿಯಲ್ಲಿ ಅಷ್ಟೇ ನೀರನ್ನು ಬೆಕ್ಕಿಗೆ ಎಟುಕದ ಕಡೆ ಇಡಬೇಕು. ಕಿಲೋಗೆ 100 ಮಿಲಿಲೀಟರ್ ದಾಟುತ್ತಿದ್ದರೆ ಮೂತ್ರಪಿಂಡ, ಸಕ್ಕರೆ, ಥೈರಾಯ್ಡ್ ನೋಡಿಸಲು ಪಶುವೈದ್ಯರ ಬಳಿ ಹೋಗಬೇಕು. ಗಂಡುಬೆಕ್ಕು ತಟ್ಟೆಯಲ್ಲಿ ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದರೆ ಅಳತೆ ಪಳತೆ ಬಿಟ್ಟು ಆ ಗಳಿಗೆಯಲ್ಲೇ ಹೊರಡಬೇಕು. ಅಂದಹಾಗೆ, ಎಟುಕದ ಕಡೆ ಎಂದು ಫ್ರಿಜ್ಜಿನ ತಲೆಯ ಮೇಲಿಟ್ಟ ಎರಡನೆಯ ಬೋಗುಣಿಯಲ್ಲೇ ಬೆಕ್ಕು ಕುಡಿಯುತ್ತ ಕೂತಿರುವುದು ಕಂಡರೆ ಲೆಕ್ಕ ಹಾಳಾಯಿತೆಂದು ಗದರಬೇಡಿ. ಮೊದಲನೆಯದನ್ನೂ ಅಲ್ಲಿಗೇ ಎತ್ತಿಡಿ.