ಶ್ಲೋನಿಚ್, ಶ್ಲೋನಿಶ್

ಬಹರೈನಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಮೊದಲ ಆರು ವರ್ಷ ನನಗೆ ಅರೇಬಿಕ್ ಬರುತ್ತದೆ ಅಂತಲೇ ನಂಬಿದ್ದೆ. ಮುಹರಕ್‌ನ ಕೋಲ್ಡ್ ಸ್ಟೋರ್‌ನಲ್ಲಿ ಕೆಲಸ. ಇಲ್ಲಿ ಓಣಿ ಮೂಲೆಯ ದಿನಸಿ ಅಂಗಡಿಗೆ ಹಾಗೇ ಹೇಳುವುದು. ‘ಅನಾ ಮಾಫಿ ಮಾಲೂಂ’ (ನನಗೆ ಗೊತ್ತಿಲ್ಲ), ‘ಇಂತಾ ರೂಹ್’ (ನೀನು ಹೋಗು), ‘ಬುಕ್ರಾ ಫೀ’ (ನಾಳೆ ಇರುತ್ತದೆ) ಅಂತ ಹೇಳಿಕೊಂಡು ಬೆಳಿಗ್ಗೆಯಿಂದ ರಾತ್ರಿಯವರೆಗೆ ವ್ಯಾಪಾರ ಸಲೀಸಾಗಿ ಸಾಗುತ್ತಿತ್ತು.

ಪಕ್ಕದ ಓಣಿಯಿಂದ ಒಬ್ಬ ಅಜ್ಜಿ ಬರುತ್ತಿದ್ದರು. ನಾವೆಲ್ಲ ಅವರನ್ನು ಹಜ್ಜಿಯಾ ಅಂತ ಕರೆಯುತ್ತಿದ್ದೆವು. ಜುಲೈ ತಿಂಗಳ ಒಂದು ಮಧ್ಯಾಹ್ನ ಒಳಗೆ ಬಂದವರು ನನಗೆ ‘ಬಾಬ್ ಬಂದ್’ ಅಂದರು, ಬಾಗಿಲು ಹಾಕು ಅಂತ. ನಾನು ಏಳುವಷ್ಟರಲ್ಲಿ, ಹಿಂದೆ ಬರುತ್ತಿದ್ದ ಮೊಮ್ಮಗನಿಗೆ ‘ಬನ್ನಿದ್ ಇಲ್-ಬಾಬ್’ ಅಂದರು. ಅದೇ ಬಾಗಿಲು, ಅದೇ ಅಜ್ಜಿ. ನನಗೊಂದು ಭಾಷೆ, ಮೊಮ್ಮಗನಿಗೊಂದು ಭಾಷೆ.

ಆವತ್ತು ನನಗೆ ಹೊಳೆಯಿತು. ನಮ್ಮ ಕಿವಿಗೆ ನಿಜವಾದ ಮಾತು ಬೀಳುತ್ತಲೇ ಇಲ್ಲ. ನಾವು ಮುರಿದು ಮಾತಾಡುತ್ತೇವೆ, ನಮಗೆ ಅರ್ಥವಾಗಲಿ ಅಂತ ಅವರೂ ಮುರಿದೇ ಮಾತಾಡುತ್ತಾರೆ. ಆ ಮುರುಕನ್ನೇ ಇಪ್ಪತ್ತು ವರ್ಷ ಆಡಿ ಊರಿಗೆ ವಾಪಸಾಗುವವರನ್ನು ಎಷ್ಟೋ ಮಂದಿ ನೋಡಿದ್ದೇನೆ. ಗಂಡು ಹೆಣ್ಣು ಅನ್ನುವ ಭೇದವಿಲ್ಲ, ನಾನು ನೀನು ಅವನು ಅಂತ ಕ್ರಿಯಾಪದ ತಿರುಗುವುದಿಲ್ಲ. ಅಂಥ ಮಾತಿನಲ್ಲಿ ಸಾಮಾನು ಮಾರಬಹುದು, ಸಾವಿನ ಮನೆಗೆ ಹೋಗಿ ಎರಡು ಮಾತಾಡಲು ಆಗುವುದಿಲ್ಲ.

ಹಜ್ಜಿಯಾ ಹತ್ತಿರ ಕೇಳಿಯೇ ಬಿಟ್ಟೆ. ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿಕೊಟ್ಟರು. ಹುಡುಗನಿಗೆ ‘ಬನ್ನಿದ್’, ಹುಡುಗಿಗೆ ‘ಬನ್ನಿದಿ’, ಅವನು ಹಾಕಿದ ಅನ್ನಲು ‘ಬನ್ನದ್’. ನಮ್ಮ ‘ಬಂದ್’ ಪಾರ್ಸಿಯಿಂದ ಬಂದದ್ದು, ಇವರದ್ದೂ ಅಲ್ಲಿಂದಲೇ. ಆದರೆ ಇವರು ಅದನ್ನು ಅರಬ್ಬಿ ಅಚ್ಚಿಗೆ ಹಾಕಿ ಪೂರ್ತಿ ಕ್ರಿಯಾಪದ ಮಾಡಿಕೊಂಡಿದ್ದಾರೆ. ಆಲೂಗಡ್ಡೆಗೆ ಆಲೂ, ಫ್ಯಾನಿಗೆ ಬಾಂಕಾ, ನೇರ ಹೋಗು ಅನ್ನಲು ಸೀದಾ, ಡ್ರೈವರ್‌ಗೆ ದ್ರೇವಿಲ್. ಇಲ್ಲಿ ಸಾವಿರ ಫಿಲ್ಸ್‌ಗೆ ಒಂದು ದಿನಾರ್; ನೂರು ಫಿಲ್ಸ್‌ಗೆ ರುಬ್ಬಿಯಾ ಅನ್ನುತ್ತಾರಲ್ಲ, ಅದು ನಮ್ಮ ರೂಪಾಯಿಯೇ. ಮೊದಲು ಇಲ್ಲಿ ಭಾರತದ ರೂಪಾಯಿ ಓಡುತ್ತಿತ್ತು, 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ತಂದಿತು. 1965ರಲ್ಲಿ ದಿನಾರ್ ಬಂದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಲೆಕ್ಕ. ನೋಟು ಹೋಯಿತು, ಹೆಸರು ಬಾಯಲ್ಲಿ ಉಳಿಯಿತು.

ಅಂಗಡಿಯಲ್ಲಿ ಭಟ್ಕಳದ ಹುಡುಗ ಒಬ್ಬನಿದ್ದ, ಮದರಸಾದಲ್ಲಿ ಅರಬ್ಬಿ ಚೆನ್ನಾಗಿ ಕಲಿತವನು. ಗಿರಾಕಿಗಳಿಗೆ ‘ಕೈಫ ಹಾಲುಕ’ ಅನ್ನುತ್ತಿದ್ದ, ಹೇಗಿದ್ದೀರಿ ಅಂತ. ಮಕ್ಕಳು ನಗುತ್ತಿದ್ದರು, ಅವರಿಗೆ ಅದು ಟಿವಿ ಕಾರ್ಟೂನಿನ ಮಾತು. ಪುಸ್ತಕದ ಅರಬ್ಬಿಯನ್ನು ಇಲ್ಲಿ ಯಾರೂ ಮನೆಯಲ್ಲಿ ಆಡುವುದಿಲ್ಲ. ಇವರು ಕೇಳುವುದು ‘ಶ್ಲೋನಕ್’, ಅಕ್ಷರಶಃ ‘ನಿನ್ನ ಬಣ್ಣ ಏನು’ ಅಂತ. ಪುಸ್ತಕದ ಕಲ್ಬ್ (ನಾಯಿ) ಇಲ್ಲಿ ಚಲ್ಬ್, ಕಮ್ (ಎಷ್ಟು) ಇಲ್ಲಿ ಚಮ್, ಕಹ್ವಾ (ಕಾಫಿ) ಇಲ್ಲಿ ಗಹ್ವಾ. ಹೆಂಗಸರಿಗಾದರೆ ‘ಶ್ಲೋನಿಚ್’. ಇದನ್ನೂ ಹಜ್ಜಿಯಾ ತಿದ್ದಿಕೊಟ್ಟದ್ದೇ.

ಆಮೇಲೆ ದಿರಾಜ್ ಅನ್ನುವ ಹಳ್ಳಿಯ ಅಂಗಡಿಗೆ ಬದಲಾದೆ. ಅರ್ಧ ಗಂಟೆಯ ದಾರಿ. ಮೊದಲ ದಿನವೇ ಇಬ್ಬರು ಹೆಂಗಸರು ಎದುರುಬದುರಾಗಿ ‘ಶ್ಲೋನಿಶ್’ ಅಂದುಕೊಂಡರು. ಮುಹರಕ್‌ನಲ್ಲಿ ಕೋಳಿ ‘ದಿಯಾಯ್’ ಆಗಿತ್ತು, ಇಲ್ಲಿ ‘ದಿಜಾಜ್’. ಬೆಳ್ಳುಳ್ಳಿ ‘ಥೂಮ್’ ಹೋಗಿ ‘ಫೂಮ್’, ಮೂರು ಅನ್ನಲು ‘ಫಲಾಫಾ’. ಅಲ್ಲಿಯ ಸುನ್ನಿಗಳದ್ದು ಒಂದು ನುಡಿ, ಹಳ್ಳಿಗಳ ಶಿಯಾ ಬಹಾರ್ನಾ ಜನರದ್ದು ಇನ್ನೊಂದು. ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಕ್ಲೈವ್ ಹೋಲ್ಸ್ 1970ರ ದಶಕದಲ್ಲೇ ಇದನ್ನು ಕೂತು ದಾಖಲಿಸಿದ್ದಾರೆ. ನಾಲ್ಕು ಜನರ ನಡುವೆ ಬಹಾರ್ನಾ ಜನ ತಮ್ಮ ಮಾತು ಬಿಟ್ಟು ಸುನ್ನಿಗಳ ಮಾತಿಗೆ ತಿರುಗುವುದನ್ನೂ ಅವರು ಗುರುತಿಸಿದ್ದರು. ನಾನೂ ಕಣ್ಣಾರೆ ಕಂಡೆ. ಅಂಗಡಿಯಲ್ಲಿ ಅಮ್ಮನ ಜೊತೆ ಫೂಮ್ ಅನ್ನುವ ಹುಡುಗ, ಆಫೀಸಿನ ಫೋನು ಬಂದ ಕೂಡಲೇ ಬೇರೆಯೇ ಬಾಯಿ.

ಇದು ಮನಸ್ಸಿಗೆ ನಾಟಿತು. ನಾನು ಕುಂದಾಪ್ರದವ. ಬೆಂಗಳೂರಿನಲ್ಲಿ ಎರಡು ವರ್ಷ ಇದ್ದಾಗ ‘ಹ್ವಾಯ್’ ಅನ್ನುವುದನ್ನು ನುಂಗಿಕೊಂಡೇ ಮಾತಾಡಿದವ.

ಅದಕ್ಕೇ ಹೊಸದಾಗಿ ಬರುವ ನಮ್ಮೂರ ಹುಡುಗರಿಗೆ ಹೇಳುವುದು. ಮೂವತ್ತು ದಿನದಲ್ಲಿ ಅರೇಬಿಕ್ ಅನ್ನುವ ಪುಸ್ತಕ ಬದಿಗಿಡಿ. ಅವರು ನಿಮಗೆ ಹೇಳುವುದನ್ನಲ್ಲ, ತಮ್ಮ ಮಕ್ಕಳಿಗೆ ಹೇಳುವುದನ್ನು ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ಕೇಳಿ, ಯಾರೂ ಬೈಯುವುದಿಲ್ಲ. ನನಗಂತೂ ಒಬ್ಬರೂ ಇಲ್ಲ ಅಂದಿಲ್ಲ.

ಕಳೆದ ಈದ್‌ಗೆ ಮುಹರಕ್‌ಗೆ ಹೋಗಿ ಹಜ್ಜಿಯಾ ಅವರನ್ನು ನೋಡಿ ಬಂದೆ. ಕಣ್ಣು ಮಂಜಾಗಿದೆ. ಬಾಗಿಲಲ್ಲಿ ನಿಂತು ‘ಶ್ಲೋನಿಚ್, ಹಜ್ಜಿಯಾ’ ಅಂದೆ. ಯಾರ ಮಗನೋ ನೀನು ಅಂತ ಕೇಳಿದರು.